ಶಾಲು ಆಮೇಲೆ, ಮೊದಲು ಚೆಕ್

ಹಾಡು, ಕುಣಿತ ಯಾವುದೂ ಬಾರದ ನನ್ನನ್ನು ಕಲಾ ಹಬ್ಬದ ಕಮಿಟಿಗೆ ಸೇರಿಸಿಕೊಂಡಿದ್ದು ಒಂದೇ ಕಾರಣಕ್ಕೆ. ನಾನು ಅಕೌಂಟೆಂಟ್. "ಲೆಕ್ಕ ನೋಡಿಕೊಳ್ಳೋಕೆ ಯಾರೂ ಇಲ್ಲ, ಸುಮ್ನೆ ಹೆಸರಿಗೆ ಇರಿ, ಜಾಸ್ತಿ ಕೆಲಸ ಇರಲ್ಲ" ಅಂದರು. ಯಾವ ಸಂಘದ ಖಜಾಂಚಿಗೂ ಮೊದಲು ಹೇಳುವ ಮಾತು ಇದೇ. ಗೊತ್ತಿದ್ದೂ ಒಪ್ಪಿಕೊಂಡೆ.

ನಾನಿರುವುದು ನ್ಯೂಯಾರ್ಕ್ ನಗರದ ಕ್ವೀನ್ಸ್‌ನಲ್ಲಿ. 2020ರ ಜನಗಣತಿ ಪ್ರಕಾರ ಇಲ್ಲಿನ ಜನಸಂಖ್ಯೆ 24 ಲಕ್ಷ. ಹತ್ತಿರ ಹತ್ತಿರ ಅರ್ಧದಷ್ಟು ಜನ ಬೇರೆ ದೇಶದಲ್ಲಿ ಹುಟ್ಟಿದವರು. 7 ನಂಬರಿನ ರೈಲು ಹತ್ತಿ ಕೂತರೆ ಸ್ಟೇಷನ್ ಬದಲಾದ ಹಾಗೆ ಬೋರ್ಡುಗಳ ಲಿಪಿಯೂ ಬದಲಾಗುತ್ತದೆ. ಜಾಕ್ಸನ್ ಹೈಟ್ಸ್‌ನಲ್ಲಿ ಇಳಿದು 74ನೇ ಬೀದಿಗೆ ಬಂದರೆ ಚಿನ್ನದಂಗಡಿ, ಸೀರೆ ಅಂಗಡಿ, ಪಾನ್ ಡಬ್ಬಿ. ಪಕ್ಕದ ಬೀದಿಯಲ್ಲಿ ಬಾಂಗ್ಲಾದವರ ಮೀನಿನಂಗಡಿ, ನೇಪಾಳಿ ಮತ್ತು ಟಿಬೆಟಿಯನ್ ಮೊಮೊ. ರೂಸ್‌ವೆಲ್ಟ್ ಅವೆನ್ಯೂ ದಾಟಿದರೆ ಕೊಲಂಬಿಯ, ಈಕ್ವೆಡಾರ್, ಮೆಕ್ಸಿಕೋದವರು. ಇನ್ನೂ ಸ್ವಲ್ಪ ಮುಂದೆ ಹೋದರೆ ರೇಗೊ ಪಾರ್ಕ್, ಫಾರೆಸ್ಟ್ ಹಿಲ್ಸ್. ಅಲ್ಲಿ ಉಜ್ಬೇಕಿಸ್ತಾನದಿಂದ ಬಂದ ಬುಖಾರಿ ಯಹೂದಿಗಳು. ದೋಸೆ ಬೇಕಾದರೆ ಫ್ಲಶಿಂಗ್‌ನ ಗಣೇಶನ ಗುಡಿ ಕ್ಯಾಂಟೀನು ಇದ್ದೇ ಇದೆ.

ಇಷ್ಟು ಜನ ಇರುವ ಕಡೆ ಕಲಾವಿದರಿಗೆ ಬರ ಇಲ್ಲ. ಆದರೆ ಹೆಚ್ಚಿನವರು ಕಲಾವಿದರು ಅಂತ ಯಾರಿಗೂ ಗೊತ್ತಿಲ್ಲ. ಊಟ ಡೆಲಿವರಿ ಮಾಡುವವರು, ಮುದುಕರನ್ನು ನೋಡಿಕೊಳ್ಳುವವರು, ಹೋಟೆಲಿನ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುವವರು. ಅವರ ಊರಿನಲ್ಲಿ ಅವರು ಯಾರಾಗಿದ್ದರು ಅನ್ನುವುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಬುಖಾರಿ ಸಮುದಾಯದ ಇಲ್ಯಾಸ್ ಮಲಾಯೆವ್ ಅವರದ್ದು ಇದಕ್ಕೆ ಎಲ್ಲರೂ ಹೇಳುವ ಉದಾಹರಣೆ. ಉಜ್ಬೇಕಿಸ್ತಾನದಲ್ಲಿ ಮನೆಮಾತಾಗಿದ್ದ ಗಾಯಕ, ಕವಿ. 1992ರಲ್ಲಿ ಕ್ವೀನ್ಸ್‌ಗೆ ಬಂದರು, 2008ರಲ್ಲಿ ಇಲ್ಲೇ ತೀರಿಕೊಂಡರು. ಅವರದೇ ಸಮುದಾಯದ ಮದುವೆ, ಸಭೆಗಳನ್ನು ಬಿಟ್ಟರೆ ಪಕ್ಕದ ಬೀದಿಯವರಿಗೂ ಅವರ ಹೆಸರು ತಿಳಿದಿರಲಿಲ್ಲ ಅಂತ ಹಳಬರು ಹೇಳುತ್ತಾರೆ.

ನಮ್ಮ ಹಬ್ಬ ದೊಡ್ಡದೇನಲ್ಲ. ಬೇಸಿಗೆ ಮುಗಿಯುವ ಹೊತ್ತಿಗೆ ಒಂದು ಪಾರ್ಕಿನಲ್ಲಿ ಶನಿವಾರ, ಭಾನುವಾರ ನಡೆಯುತ್ತದೆ. ಟಿಕೆಟ್ ಇಲ್ಲ. ನೆರೆಹೊರೆಯವರೇ ಸೇರಿ ಮಾಡುವುದು. ನಾನು ಸೇರುವ ಮೊದಲು ಕಲಾವಿದರಿಗೆ ಏನು ಕೊಡುತ್ತಿದ್ದರು ಅಂತ ಹಳೆಯ ಪುಸ್ತಕ ತೆಗೆದು ನೋಡಿದೆ. ವೇದಿಕೆ ಬಾಡಿಗೆ, ಸೌಂಡ್ ಸಿಸ್ಟಂ, ಟೆಂಟ್, ಪೋರ್ಟಬಲ್ ಶೌಚಾಲಯ, ಇನ್ಶೂರೆನ್ಸ್, ಟೀ ಶರ್ಟ್ ಎಲ್ಲಕ್ಕೂ ಬಿಲ್ ಇತ್ತು. ಕಲಾವಿದರ ಹೆಸರಿನಲ್ಲಿ ಇದ್ದದ್ದು 'ಹೂಗುಚ್ಛ ಮತ್ತು ನೀರಿನ ಬಾಟಲಿ'.

ಕೇಳಿದರೆ, "ಅವರಿಗೆ ಒಂದು ವೇದಿಕೆ ಸಿಗುತ್ತಲ್ಲ" ಅಂದರು.

ಈ ಮಾತು ನನಗೆ ಹೊಸದಲ್ಲ. ಅಮೆರಿಕದಲ್ಲಿರುವ ನಮ್ಮವರ ಕಾರ್ಯಕ್ರಮಗಳಲ್ಲೂ ಕೇಳಿದ್ದೇನೆ. ಊರಿನಿಂದ ಬರುವ ಸಿನಿಮಾ ಗಾಯಕರಿಗೆ ಚೆಕ್, ವಿಮಾನದ ಟಿಕೆಟ್, ಹೋಟೆಲ್ ರೂಮು. ಇಲ್ಲೇ ಇದ್ದು ವಾರವಾರ ಮಕ್ಕಳಿಗೆ ಪಾಠ ಹೇಳುವ ಸಂಗೀತದ ಮೇಷ್ಟ್ರಿಗೆ ಒಂದು ಶಾಲು, ಒಂದು ನೆನಪಿನ ಕಾಣಿಕೆ. ಆ ಕಾಣಿಕೆಗಳು ಅವರ ಮನೆಯ ಗ್ಯಾರೇಜಿನಲ್ಲಿ ಸಾಲಾಗಿ ಕೂತಿರುತ್ತವೆ. ಶಾಲು ಹೊದಿಸಬೇಡಿ ಅಂತ ನಾನು ಹೇಳುವುದಿಲ್ಲ. ಚೆಕ್ ಕೊಟ್ಟ ಮೇಲೆ ಧಾರಾಳವಾಗಿ ಹೊದಿಸಿ.

ಕಮಿಟಿಯಲ್ಲಿ ನಾನು ಇಟ್ಟ ಮೊದಲ ಬೇಡಿಕೆ ಇಷ್ಟೇ. ವೇದಿಕೆ ಹತ್ತುವ ಪ್ರತಿಯೊಬ್ಬರಿಗೂ, ತಂಡಕ್ಕಲ್ಲ, ತಲೆಗೆ ಇಷ್ಟು ಅಂತ ಒಂದೇ ದರ. ನಾವು 350 ಡಾಲರ್ ಅಂತ ಗೊತ್ತುಮಾಡಿದೆವು. ತಂಡಕ್ಕೆ ಅಂತ ಕೊಟ್ಟರೆ ಮುಖ್ಯ ಗಾಯಕರ ಕೈಯಲ್ಲೇ ಹಣ ಉಳಿಯುವುದು, ಹಿಂದೆ ಕೂತು ತಾಳ ಹಾಕಿದವರಿಗೆ ಬಸ್ ಚಾರ್ಜೂ ಸಿಗದಿರುವುದು ಎಲ್ಲ ಕಡೆ ಇದ್ದದ್ದೇ.

ದುಡ್ಡು ಎಲ್ಲಿಂದ ಬರುತ್ತದೆ ಅನ್ನುವುದು ಅದಕ್ಕಿಂತ ದೊಡ್ಡ ಕತೆ. ನಮ್ಮಂಥ ಸಣ್ಣ ಗುಂಪುಗಳಿಗೆ ಸ್ವಂತ ನೋಂದಣಿ ಇರುವುದಿಲ್ಲ. ಆದ್ದರಿಂದ ತೆರಿಗೆ ವಿನಾಯಿತಿ ಇರುವ ಇನ್ನೊಂದು ಸಂಸ್ಥೆ ನಮ್ಮ ಪರವಾಗಿ ಅನುದಾನ ತೆಗೆದುಕೊಳ್ಳುತ್ತದೆ. ಅದಕ್ಕೆ ತನ್ನ ಪಾಲು ಹಿಡಿದುಕೊಂಡು ಉಳಿದದ್ದನ್ನು ನಮಗೆ ಕೊಡುತ್ತದೆ. ಇದನ್ನು ಫಿಸ್ಕಲ್ ಸ್ಪಾನ್ಸರ್ ಅನ್ನುತ್ತಾರೆ. ರಾಜ್ಯದ ಕಲಾ ಮಂಡಳಿಯ ದುಡ್ಡು ಸ್ಥಳೀಯ ಸಂಸ್ಥೆಗಳ ಮೂಲಕ ಸಣ್ಣ ಸಣ್ಣ ಮೊತ್ತದಲ್ಲಿ ಕೆಳಗೆ ಹರಿದು ಬರುತ್ತದೆ. ಇನ್ನು ಕೆಲವು ಸರ್ಕಾರಿ ಅನುದಾನಗಳದ್ದು ವಿಚಿತ್ರ ಪದ್ಧತಿ. ಮೊದಲು ನೀವು ಖರ್ಚು ಮಾಡಬೇಕು, ರಸೀದಿ ಕೊಡಬೇಕು, ಆಮೇಲೆ ಅವರು ಕೊಡುತ್ತಾರೆ. ಆಮೇಲೆ ಅಂದರೆ ಯಾವಾಗ? ಒಂದು ವರ್ಷದ ಹಬ್ಬದ ದುಡ್ಡು ಮುಂದಿನ ವರ್ಷದ ಹಬ್ಬದ ತಯಾರಿ ಶುರುವಾದ ಮೇಲೆ ಕೈಗೆ ಬಂದದ್ದಿದೆ.

ಟೆಂಟಿನವರು, ಸೌಂಡಿನವರು ಮುಂಗಡ ಇಲ್ಲದೆ ಲಾರಿ ತರುವುದಿಲ್ಲ. ಪಾರ್ಕ್ ಇಲಾಖೆಗೆ 25 ಡಾಲರ್ ಅರ್ಜಿ ಶುಲ್ಕ, ಮೈಕ್ ಹಾಕಲು ಪೊಲೀಸ್ ಠಾಣೆಯಲ್ಲಿ 45 ಡಾಲರಿನಿಂದ ಶುರುವಾಗುವ ಸೌಂಡ್ ಪರ್ಮಿಟ್. ಎಲ್ಲರಿಗೂ ಮೊದಲೇ ಕೊಡಬೇಕು. ಕಾಯಿಸಲು ಸುಲಭವಾಗಿ ಸಿಗುವವರು ಕಲಾವಿದರು ಮಾತ್ರ. ಅವರು ಗಲಾಟೆ ಮಾಡುವುದಿಲ್ಲ. ಅದಕ್ಕೇ ನಾನು ಹಟ ಹಿಡಿದೆ. ಚೆಕ್ ಅದೇ ದಿನ, ವೇದಿಕೆ ಇಳಿದ ಕೂಡಲೇ. ಅದಕ್ಕಾಗಿ 74ನೇ ಬೀದಿಯ ಅಂಗಡಿಗಳ ಮೆಟ್ಟಿಲು ಹತ್ತಿ ಇಳಿದು ಒಂದು ಮೊತ್ತ ಕೂಡಿಸಿದೆವು. ಅನುದಾನ ಬಂದಾಗ ಆ ಮೊತ್ತ ವಾಪಸ್ ತುಂಬಿಸುವುದು. ಅಂಗಡಿಯವರು ಬ್ಯಾನರಿನ ಮೇಲೆ ಹೆಸರು ಕೇಳಿದರು. ಒಬ್ಬರು ಮಾತ್ರ, "ಹೆಸರು ಬೇಡಮ್ಮ, ಆ ಎರಡು ದಿನ ನನ್ನ ಅಂಗಡಿ ಮುಂದೆ ಗಾಡಿ ನಿಲ್ಲಿಸಬೇಡಿ ಸಾಕು" ಅಂದರು. ಗುಜರಾತಿನವರು. ನ್ಯಾಯವಾದ ಬೇಡಿಕೆ.

ದರ ಗೊತ್ತಾದ ಮೇಲೆ ಫಾರಂಗಳ ಸರದಿ. ಇಲ್ಲಿ ಇಂಥ ಕೆಲಸಕ್ಕೆ ದುಡ್ಡು ಕೊಡುವಾಗ ಸಾಮಾನ್ಯವಾಗಿ ಡಬ್ಲ್ಯೂ-9 ಅನ್ನುವ ಒಂದು ಪುಟದ ಫಾರಂ ಬರೆಸಿಕೊಳ್ಳಬೇಕು. ಹೆಸರು, ವಿಳಾಸ, ತೆರಿಗೆ ನಂಬರ್. ಆಗಿನ ನಿಯಮದಂತೆ ಒಂದು ವರ್ಷದಲ್ಲಿ 600 ಡಾಲರ್ ಮುಟ್ಟಿದರೆ ತೆರಿಗೆ ಇಲಾಖೆಗೂ ತಿಳಿಸಬೇಕಿತ್ತು. ಅಮೆರಿಕದಲ್ಲೇ ಬೆಳೆದವರಿಗೆ ಇದು ಏನೂ ಅಲ್ಲ. ಆದರೆ ಬಂದು ವರ್ಷವಾಗಿರದ ಒಬ್ಬ ಗಾಯಕಿಯ ಕೈಗೆ ಸರ್ಕಾರದ ಮುದ್ರೆ ಇರುವ ಕಾಗದ ಕೊಟ್ಟು "ಸಹಿ ಹಾಕಿ" ಅಂದರೆ ಆಕೆಯ ಮುಖ ಹೇಗಾಗುತ್ತದೆ ಅಂತ ನೋಡಬೇಕು. ಫಾರಂ ತೆಗೆದುಕೊಂಡು ಹೋದ ಕೆಲವರು ಫೋನ್ ಎತ್ತುವುದೇ ಬಿಟ್ಟರು. ಹಾಗಾಗಿ ಫಾರಂ ಇಮೇಲ್ ಮಾಡುವುದನ್ನು ನಿಲ್ಲಿಸಿ ಲೈಬ್ರರಿಯ ಒಂದು ರೂಮಿನಲ್ಲಿ ಎದುರು ಕೂತು ಬರೆಸಲು ಶುರು ಮಾಡಿದೆವು. ನೇಪಾಳಿ, ಬಂಗಾಳಿ, ಸ್ಪ್ಯಾನಿಷ್, ರಷ್ಯನ್ ಬಲ್ಲ ಸ್ವಯಂಸೇವಕರು ಪಕ್ಕದಲ್ಲಿ. ಚಹಾ, ಬಿಸ್ಕತ್ತು. ತಿಂಗಳಿಗೆ ಒಂದು ಸಂಜೆ ಪುಕ್ಕಟೆಯಾಗಿ ಬರುವ ಒಬ್ಬ ವಲಸೆ ವಕೀಲೆ. ವೀಸಾದ ವಿಷಯ ಏನಿದ್ದರೂ ಅವರ ಹತ್ತಿರ, ಬಾಗಿಲು ಹಾಕಿಕೊಂಡು. ನಾವು ಯಾರೂ ಕೇಳುವ ಹಾಗಿಲ್ಲ, ಕೇಳಿದರೂ ಅವರು ಹೇಳಬೇಕಾಗಿಲ್ಲ. ಈ ಸಂಜೆಗಳಲ್ಲಿ ಆದಷ್ಟು ಕೆಲಸ ಹಬ್ಬದ ಎರಡು ದಿನಗಳಲ್ಲೂ ಆಗಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಸಂಗೀತಗಾರರು ಇದನ್ನು ಒಪ್ಪುವುದಿಲ್ಲ.

ಸಾರಂಗಿ ನುಡಿಸುವ ನೇಪಾಳದ ಅಣ್ಣನ ಪರಿಚಯ ಆಗಿದ್ದು ಅಲ್ಲೇ. ನೇಪಾಳಿ ಸಾರಂಗಿ ನಮ್ಮ ಹಿಂದೂಸ್ತಾನಿ ಕಛೇರಿಗಳ ಸಾರಂಗಿಗಿಂತ ಚಿಕ್ಕದು. ಒಂದೇ ಮರದ ತುಂಡಿನಲ್ಲಿ ಕೊರೆದದ್ದು, ನಾಲ್ಕು ತಂತಿ, ಕೆಳಗಿನ ಅರ್ಧಕ್ಕೆ ಚರ್ಮದ ಹೊದಿಕೆ. ಅದನ್ನು ಹಿಡಿದು ಊರೂರು ಅಲೆದು ಸುದ್ದಿ, ಯುದ್ಧ, ಸಾವು, ಪ್ರೀತಿ ಎಲ್ಲ ಹಾಡುತ್ತಿದ್ದವರು ಗಂಧರ್ವ ಅನ್ನುವ ಜಾತಿಯವರು. ಜಾತಿ ಏಣಿಯಲ್ಲಿ ಅವರನ್ನು ಕೆಳಗೇ ಇಟ್ಟಿದ್ದರು. ಹಾಡು ಕೇಳಿ ಅಕ್ಕಿ ಹಾಕುತ್ತಿದ್ದರು, ಒಳಗೆ ಕರೆಯುತ್ತಿರಲಿಲ್ಲ.

ಆ ಅಣ್ಣ ಬೈಕಿನಲ್ಲಿ ಊಟ ಡೆಲಿವರಿ ಮಾಡುತ್ತಾರೆ. ಮೊದಲ ಭೇಟಿಯಲ್ಲಿ ಅವರು ಕೇಳಿದ್ದು, "ದೀದಿ, ಹಾಡಿದರೆ ದುಡ್ಡು ಕೊಡುತ್ತೀರಿ ಅಂತ ಕಾಗದದಲ್ಲಿ ಬರೆದುಕೊಡುತ್ತೀರಾ?" ಹಿಂದೆ ಯಾವುದೋ ಸಮಾರಂಭದಲ್ಲಿ ಇಡೀ ಸಂಜೆ ನುಡಿಸಿ ಒಂದು ಊಟದ ಪೊಟ್ಟಣ ಹಿಡಿದು ಮನೆಗೆ ಬಂದಿದ್ದರಂತೆ. ಬರೆದುಕೊಟ್ಟೆವು. ಒಂದೇ ಪುಟ. ಯಾವ ದಿನ, ಎಷ್ಟು ಹೊತ್ತು, ಎಷ್ಟು ದುಡ್ಡು, ಮಳೆ ಬಂದು ನಿಂತರೆ ಏನು, ವಿಡಿಯೊ ಯಾರದ್ದು. ಮಳೆಯಿಂದ ರದ್ದಾದರೂ ಪೂರ್ತಿ ದುಡ್ಡು ಅನ್ನುವ ಸಾಲನ್ನು ಅವರು ಎರಡು ಸಲ ಓದಿಸಿಕೊಂಡರು.

ಪೋಸ್ಟರಿನಲ್ಲಿ ಅವರ ಹೆಸರು ಹಾಕಿದ ಮೇಲೆ ಅವರ ದೇಶದವರದೇ ಒಂದು ಸಂಘದ ಹಿರಿಯರು ನಮ್ಮನ್ನು ಕರೆದು, ಬಹಳ ಸಜ್ಜನಿಕೆಯಿಂದಲೇ, "ಒಳ್ಳೆಯ ಶಾಸ್ತ್ರೀಯ ಸಂಗೀತದವರು ಇದ್ದಾರೆ, ನಮ್ಮ ದೇಶದ ಪ್ರತಿನಿಧಿ ಅಂದರೆ ಸ್ವಲ್ಪ ನೋಡಿ ಆರಿಸಬೇಕಲ್ವಾ" ಅಂದರು. ಬೇರೆ ಯಾವ ಮಾತೂ ಆಡಲಿಲ್ಲ. ಕರ್ನಾಟಕದಲ್ಲಿ ಹುಟ್ಟಿ ಬೆಳೆದವಳಿಗೆ ಆ ಮಾತಿನ ಒಳಗೇನಿದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಕಮಿಟಿಯಲ್ಲಿದ್ದ ಅಮೆರಿಕನ್ನರಿಗೆ ಮಾತ್ರ ಅರ್ಥವಾಗಲೇ ಇಲ್ಲ. "ಸಿತಾರ್ ಕೂಡ ಚೆನ್ನಾಗಿರುತ್ತೆ" ಅಂತ ತಲೆಯಾಡಿಸಿದರು. ಜಾತಿ ಅಂದರೇನು ಅಂತ ಆ ಸಂಜೆ ಅವರಿಗೆ ಪಾಠ ಮಾಡಬೇಕಾಯಿತು. ಸಮುದಾಯದವರನ್ನೇ ಕೇಳಿ ಕಲಾವಿದರನ್ನು ಆರಿಸಿ ಅಂತ ಎಲ್ಲ ಕೈಪಿಡಿಗಳೂ ಹೇಳುತ್ತವೆ. ಸಮುದಾಯದಲ್ಲಿ ಯಾರನ್ನು ಕೇಳಬೇಕು ಅಂತ ಹೇಳುವುದಿಲ್ಲ. ಸಂಘದ ಅಧ್ಯಕ್ಷರನ್ನು ಕೇಳಿದರೆ ಅಧ್ಯಕ್ಷರ ಸಂಬಂಧಿಕರೇ ವೇದಿಕೆ ಮೇಲೆ ಇರುತ್ತಾರೆ. ನಾವು ಆಮೇಲೆ ಕೇಳಲು ಶುರು ಮಾಡಿದ್ದು ಅಡುಗೆಯವರನ್ನು, ಟ್ಯಾಕ್ಸಿ ಓಡಿಸುವವರನ್ನು. "ನಿಮ್ಮ ಕಡೆ ಮದುವೆಗೆ ಯಾರು ಹಾಡುತ್ತಾರೆ?" ಈ ಒಂದು ಪ್ರಶ್ನೆ ಸಾಕು.

ಸಾರಂಗಿ ಕಾರ್ಯಕ್ರಮ ಪಟ್ಟಿಯಲ್ಲೇ ಉಳಿಯಿತು.

ರಿಹರ್ಸಲ್ ಇಟ್ಟಾಗ ಇನ್ನೊಂದು ತೊಡಕು. ಶನಿವಾರ ಸಂಜೆ ಅಂತ ಗೊತ್ತುಮಾಡಿದೆವು, ಎಲ್ಲರಿಗೂ ರಜೆ ಇರುತ್ತದಲ್ಲ ಅಂತ. ರಜೆ ಇರುವುದು ಆಫೀಸಿನವರಿಗೆ. ಡೆಲಿವರಿ ಮಾಡುವವರಿಗೆ ವಾರದಲ್ಲಿ ಹೆಚ್ಚು ದುಡಿಮೆ ಸಿಗುವುದೇ ಶನಿವಾರ ಸಂಜೆ. ಬುಖಾರಿ ಯಹೂದಿಗಳಿಗೆ ಶುಕ್ರವಾರ ಸೂರ್ಯ ಮುಳುಗಿದಾಗಿನಿಂದ ಶನಿವಾರ ಕತ್ತಲಾಗುವ ತನಕ ಶಬ್ಬತ್. ಕೆಲಸ ಇಲ್ಲ, ವಾದ್ಯ ಮುಟ್ಟುವ ಹಾಗಿಲ್ಲ, ಕೆಲವರು ಫೋನ್ ಕೂಡ ಮುಟ್ಟುವುದಿಲ್ಲ. ಹಾಗಾಗಿ ರಿಹರ್ಸಲ್ ಸೋಮವಾರ ರಾತ್ರಿಗೆ ಹೋಯಿತು, ಬುಖಾರಿ ತಂಡ ಭಾನುವಾರದ ಪಟ್ಟಿಗೆ. ರಿಹರ್ಸಲ್‌ಗೂ ಒಂದಿಷ್ಟು ದುಡ್ಡು ಕೊಡಬೇಕು ಅಂತ ಹೇಳಿದಾಗ ಕಮಿಟಿಯಲ್ಲಿ ಹುಬ್ಬು ಮೇಲೇರಿದವು. ಒಂದು ಸಂಜೆ ಬೈಕ್ ನಿಲ್ಲಿಸಿದರೆ ಅವರಿಗೆ ಎಷ್ಟು ನಷ್ಟ ಅಂತ ಲೆಕ್ಕ ತೋರಿಸಿದೆ. ಒಪ್ಪಿದರು. ಅಕೌಂಟೆಂಟ್ ಇದ್ದರೆ ಇದೊಂದು ಅನುಕೂಲ, ಅಂಕಿ ಎದುರು ಜನ ಜಾಸ್ತಿ ವಾದ ಮಾಡುವುದಿಲ್ಲ.

ಬುಖಾರಿ ತಂಡದಲ್ಲಿ ದೋಯ್ರಾ ನುಡಿಸುವವರು ಕ್ಷೌರಿಕರು. ದೋಯ್ರಾ ಅಂದರೆ ಅಗಲವಾದ ಬಳೆಯಂಥ ಚೌಕಟ್ಟಿಗೆ ಚರ್ಮ ಬಿಗಿದು, ಒಳಗೆ ಸುತ್ತಲೂ ಕಬ್ಬಿಣದ ಉಂಗುರ ಸಿಕ್ಕಿಸಿದ ವಾದ್ಯ. ಅವರಿಗೆ ಇಂಗ್ಲಿಷ್ ಕಡಿಮೆ, ಮಗ ಜೊತೆಗೆ ಬಂದು ಮಾತಾಡುತ್ತಿದ್ದ. ಭಾನುವಾರ ಬೆಳಿಗ್ಗೆ ಸಣ್ಣಗೆ ಮಳೆ ಹನಿದು ಗಾಳಿಯೆಲ್ಲ ಒದ್ದೆ. ಚರ್ಮ ಸಡಿಲವಾಗಿ ದೋಯ್ರಾ ಬರೀ ಧಪ್ ಧಪ್ ಅನ್ನತೊಡಗಿತು. ನಮ್ಮೂರಲ್ಲಿ ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸುತ್ತಾರಲ್ಲ, ಇದಕ್ಕೂ ಅದೇ ಮದ್ದು. ಆದರೆ ಪಾರ್ಕಿನಲ್ಲಿ ಬೆಂಕಿ ಹಾಕುವುದು ಹೇಗೆ? ಅವರು ಏನೂ ಗಾಬರಿಯಾಗದೆ ಚೀಲದಿಂದ ಹೇರ್ ಡ್ರೈಯರ್ ತೆಗೆದರು. ಅಂಗಡಿಯದೇ. ನಮ್ಮ ಜನರೇಟರಿಗೆ ಸಿಕ್ಕಿಸಿ, ಗಿರಾಕಿಯ ತಲೆ ಒಣಗಿಸಿದಷ್ಟೇ ನಾಜೂಕಾಗಿ ಚರ್ಮದ ಸುತ್ತ ಗಾಳಿ ಆಡಿಸಿದರು. ಬೆರಳಿನಿಂದ ತಟ್ಟಿದರು, ಕೇಳಿದರು, ಮತ್ತೆ ಆಡಿಸಿದರು. ಐದು ನಿಮಿಷದಲ್ಲಿ ಟಣ್ ಅಂತ ನಾದ ಬಂತು. ಹೇರ್ ಡ್ರೈಯರ್ ಎಳೆದ ಕರೆಂಟಿಗೆ ಪಕ್ಕದ ಪಾಪ್‌ಕಾರ್ನ್ ಯಂತ್ರ ನಿಂತುಹೋಗಿ ಮಕ್ಕಳು ಕೂಗಿಕೊಂಡದ್ದು ಬೇರೆ ವಿಷಯ.

ಸೌಂಡಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಇಂಥ ಹಬ್ಬಗಳಿಗೆ ಬರುವ ಸೌಂಡಿನವರಿಗೆ ಗಿಟಾರ್, ಡ್ರಮ್ಸ್, ಕೀಬೋರ್ಡ್ ಗೊತ್ತು. ಸಾರಂಗಿ ಕಂಡರೆ ಮುಂದೆ ಒಂದು ಹಾಡುವ ಮೈಕ್ ನೆಟ್ಟು ಹೋಗುತ್ತಾರೆ. ಗಂಧರ್ವರು ನಿಂತು, ಓಡಾಡಿ, ಮೈ ತೂಗಿ ಹಾಡುವವರು. ಒಂದು ಹೆಜ್ಜೆ ಹಿಂದೆ ಹೋದರೆ ಸಾರಂಗಿ ಮಾಯ, ಮುಂದೆ ಬಂದರೆ ಮೈಕ್ ಕಿರುಚುತ್ತದೆ. ಮೊದಲ ವರ್ಷ ಅದೇ ಆಯಿತು. ಮುಂದಿನ ವರ್ಷದಿಂದ ಪ್ರತಿ ವಾದ್ಯದ ಫೋಟೊ, ದನಿ ಎಲ್ಲಿಂದ ಬರುತ್ತದೆ, ಕೂತು ನುಡಿಸುತ್ತಾರೋ ನಿಂತೋ, ಯಾವ ಮೈಕ್ ಬೇಕು ಅಂತ ಒಂದು ಹಾಳೆ ಮಾಡಿ ಸೌಂಡಿನವರಿಗೆ ಮೊದಲೇ ಕಳಿಸುತ್ತೇವೆ. ಸಾರಂಗಿಗೆ ಸಿಕ್ಕಿಸುವ ಪುಟ್ಟ ಕ್ಲಿಪ್ ಮೈಕ್ ತಂದೆವು. ಪ್ರತಿ ತಂಡಕ್ಕೂ ಸೌಂಡ್ ಚೆಕ್ ಸಮಯ ಇಟ್ಟೆವು. ಅದಕ್ಕೆ ಕಾರ್ಯಕ್ರಮಗಳ ಸಂಖ್ಯೆ ಕಡಿಮೆ ಮಾಡಬೇಕಾಯಿತು. ಬೆಳಿಗ್ಗೆಯಿಂದ ರಾತ್ರಿ ತನಕ ಹತ್ತು ನಿಮಿಷಕ್ಕೊಂದು ತಂಡ ಓಡಿಸಿ, ಕೊನೆಯಲ್ಲಿ ಇಷ್ಟು ದೇಶದ ಕಲೆ ತೋರಿಸಿದೆವು ಅಂತ ವರದಿ ಬರೆಯುವ ಹಬ್ಬಗಳಿವೆ. ಹತ್ತು ನಿಮಿಷದಲ್ಲಿ ಯಾವ ರಾಗ ಏಳುತ್ತದೆ, ಯಾವ ಕತೆ ಮುಗಿಯುತ್ತದೆ?

ಈಗ ನಮ್ಮವರದೇ ಒಬ್ಬರ ವಿಷಯ. ಮೈಸೂರಿನ ಕಡೆಯ ಹುಡುಗಿ, ವೀಣೆ. ಊರಲ್ಲಿ ಕಛೇರಿ ಮಾಡಿದವಳು. ಗಂಡನದು ಎಚ್-1ಬಿ, ಅಂದರೆ ಕೆಲಸದ ವೀಸಾ. ಇವಳದು ಎಚ್-4, ಅಂಥವರ ಗಂಡ ಅಥವಾ ಹೆಂಡತಿಗೆ ಕೊಡುವ ವೀಸಾ. ಎಚ್-4ರಲ್ಲಿ ದುಡಿಯುವ ಹಾಗಿಲ್ಲ. ಪಾಠ ಹೇಳಿ ದುಡ್ಡು ತೆಗೆದುಕೊಳ್ಳುವ ಹಾಗಿಲ್ಲ, ಕಛೇರಿಯ ಸಂಭಾವನೆಯೂ ಇಲ್ಲ. 2015ರಿಂದ ಒಂದು ದಾರಿ ತೆರೆದಿದೆ. ಗಂಡ ಅಥವಾ ಹೆಂಡತಿಯ ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕಿದ ಐ-140 ಅರ್ಜಿ ಮಂಜೂರಾಗಿದ್ದರೆ ಎಚ್-4ನವರಿಗೂ ಕೆಲಸದ ಪರವಾನಗಿ ಸಿಗಬಹುದು. ಅಲ್ಲಿಯವರೆಗೆ ಮನೆಯಲ್ಲೇ ವೀಣೆ, ಮನೆಯಲ್ಲೇ ಪಾಡು. ಅಮೆರಿಕದ ಎಷ್ಟೋ ಊರುಗಳ ಅಪಾರ್ಟ್‌ಮೆಂಟುಗಳಲ್ಲಿ ಹೀಗೆ ಕೂತಿರುವ ನಮ್ಮ ಹೆಣ್ಣುಮಕ್ಕಳು ಎಷ್ಟಿದ್ದಾರೋ. ವಿದ್ವತ್ ಮುಗಿಸಿದವರು, ಆಕಾಶವಾಣಿಯಲ್ಲಿ ಹಾಡಿದವರು. ವಲಸೆ ಕಲಾವಿದರು ಅಂದ ಕೂಡಲೇ ನಮಗೆ ಬೇರೆ ದೇಶದವರು, ಬಡವರು ಮಾತ್ರ ಕಣ್ಣ ಮುಂದೆ ಬರುತ್ತಾರೆ. ಈ ಹುಡುಗಿಯ ಮನೆಯಲ್ಲಿ ದುಡ್ಡಿತ್ತು. ಅವಳದು ಅಂತ ಒಂದು ಡಾಲರೂ ಇರಲಿಲ್ಲ.

ನಾವು ವಕೀಲೆಯನ್ನು ಕೇಳಿದೆವು. ಉಚಿತ ಸಮುದಾಯದ ಕಾರ್ಯಕ್ರಮದಲ್ಲಿ ತಾನಾಗಿ ಬಂದು ನುಡಿಸುವುದು ಬೇರೆ, ಆದರೆ ಚೆಕ್, ಗಿಫ್ಟ್ ಕಾರ್ಡ್, ಮುಂದೆ ಕೊಡುತ್ತೇವೆ ಅನ್ನುವ ಮಾತು ಯಾವುದೂ ಇರಬಾರದು ಅಂದರು. ಎಲ್ಲರಿಗೂ ದುಡ್ಡು ಅಂತ ಅಷ್ಟು ಜಗಳ ಮಾಡಿದ ನಾನೇ ಒಬ್ಬಳಿಗೆ ಕೊಡದ ಪಟ್ಟಿ ಬರೆಯಬೇಕಾಯಿತು. ಕೈ ಹೋಗಲಿಲ್ಲ. ಅವಳೇ, "ಅಕ್ಕಾ, ನುಡಿಸದೆ ಕೂತಿರೋದಕ್ಕಿಂತ ಇದು ವಾಸಿ" ಅಂದಳು. ಆ ವರ್ಷ ಹಾಗೇ ನುಡಿಸಿದಳು. ಆಮೇಲೆ ಅವಳಿಗೆ ಪರವಾನಗಿ ಬಂತು. ಮುಂದಿನ ಹಬ್ಬಕ್ಕೆ ಬಿಲ್ ಕಳಿಸು ಅಂದೆ. "ಏನಕ್ಕಾ, ವೀಣೆ ನುಡಿಸಿದ್ದಕ್ಕೆ ಬಿಲ್ ಕಳಿಸೋದಾ? ನಮ್ಮ ಮೇಷ್ಟ್ರಿಗೆ ಗೊತ್ತಾದರೆ ಏನಂದಾರು?" ಕಳಿಸಿದಳು, 200 ಡಾಲರಿಗೆ. ವಾಪಸ್ ಕಳಿಸಿ 350 ಅಂತ ಬರೆಸಿದೆ. ವಿದ್ಯೆಯನ್ನು ಮಾರಬಾರದು ಅನ್ನುವುದು ದೊಡ್ಡ ಮಾತು ಇರಬಹುದು. ಆ ಮಾತು ಹೇಳುವವರಿಗೆ ಮನೆ ಬಾಡಿಗೆ ಯಾರು ಕಟ್ಟುತ್ತಾರೆ ಅಂತ ಒಮ್ಮೆ ವಿಚಾರಿಸಬೇಕು.

ಬಾಡಿಗೆಗಿಂತ ಹೆಚ್ಚಿನ ಉಪಯೋಗ ಈ ಕಾಗದಗಳಿಗಿದೆ ಅಂತ ನನಗೆ ತಿಳಿದದ್ದು ನಿಧಾನವಾಗಿ. ಒಂದು ದಿನ ಈಕ್ವೆಡಾರಿನ ಒಬ್ಬ ನೃತ್ಯಗಾರ ಬಂದು, ಎರಡು ವರ್ಷದ ಕರಾರು ಪತ್ರ, ಮುದ್ರಿಸಿದ ಕಾರ್ಯಕ್ರಮ ಪಟ್ಟಿ, ಚೆಕ್ಕಿನ ನಕಲು ಎಲ್ಲ ಬೇಕು ಅಂದ. ಯಾಕೆ ಅಂದರೆ ಅನುದಾನದ ಅರ್ಜಿಗೆ. ಇಲ್ಲಿ ಕಲಾವಿದ ಅಂತ ಎಲ್ಲಿ ಅರ್ಜಿ ಹಾಕಿದರೂ ಪುರಾವೆ ಕೇಳುತ್ತಾರೆ. ಎಲ್ಲಿ ಪ್ರದರ್ಶನ ಕೊಟ್ಟಿರಿ, ಯಾರು ಕರೆದರು, ಎಷ್ಟು ಕೊಟ್ಟರು, ವಿಡಿಯೊ ಎಲ್ಲಿದೆ. ಕಲಾವಿದರಿಗೆ ಕೊಡುವ ಓ-1 ವೀಸಾಕ್ಕೂ ಇಂಥವೇ ಬೇಕು. ಕರಾರು, ಪತ್ರಿಕೆಯ ಬರಹ, ಬಲ್ಲವರ ಪತ್ರ. ಜಾನಪದ ಕಲಾವಿದರಿಗೆ ಅಮೆರಿಕ ಸರ್ಕಾರ 1982ರಿಂದ ಕೊಡುವ ನ್ಯಾಷನಲ್ ಹೆರಿಟೇಜ್ ಫೆಲೋಶಿಪ್‌ಗೂ ಯಾರಾದರೂ ಹೆಸರು ಸೂಚಿಸಬೇಕು, ಜೊತೆಗೆ ಪತ್ರ, ಧ್ವನಿಮುದ್ರಣ ಇರಬೇಕು. ಬುಖಾರಿ ಗಾಯಕಿ ಫಾತಿಮಾ ಕುಯಿನೋವಾ ಅವರಿಗೆ 1992ರಲ್ಲಿ ಅದು ಬಂತು. ಅಂಥವರ ಹಿಂದೆ ಪುರಾವೆ ಕೂಡಿಟ್ಟ ಯಾರೋ ಇರಲೇಬೇಕು. ನ್ಯೂಯಾರ್ಕಿನಲ್ಲಿ ಇದನ್ನೇ ಕಸುಬು ಮಾಡಿಕೊಂಡ ಸಂಸ್ಥೆಗಳಿವೆ. 1968ರಲ್ಲಿ ಶುರುವಾದ ಸೆಂಟರ್ ಫಾರ್ ಟ್ರೆಡಿಷನಲ್ ಮ್ಯೂಸಿಕ್ ಆಂಡ್ ಡಾನ್ಸ್ ಇದೆ. ವಲಸೆ ಕಲಾವಿದರಿಗೆ ಹಿರಿಯ ಕಲಾವಿದರ ಜೊತೆ ಜೋಡಿ ಹಾಕಿ ಕಲಿಸುವ ನ್ಯೂಯಾರ್ಕ್ ಫೌಂಡೇಶನ್ ಫಾರ್ ದ ಆರ್ಟ್ಸ್‌ನ ಕಾರ್ಯಕ್ರಮ 2007ರಿಂದ ನಡೆದಿದೆ. ಆದರೆ ಆ ಬಾಗಿಲು ತಟ್ಟಲೂ ಕೈಯಲ್ಲಿ ಒಂದೆರಡು ಕಾಗದ ಇರಬೇಕು.

ಅಂದಿನಿಂದ ಹಬ್ಬ ಮುಗಿದ ಮೇಲೆ ಪ್ರತಿ ಕಲಾವಿದರಿಗೂ ಒಂದು ಲಕೋಟೆ ಹೋಗುತ್ತದೆ. ಕರಾರು ಪತ್ರ, ಅವರ ಹೆಸರು ತಪ್ಪಿಲ್ಲದೆ ಅಚ್ಚಾದ ಪಟ್ಟಿ, ಒಳ್ಳೆಯ ನಾಲ್ಕು ಫೋಟೊ, ಪೂರ್ತಿ ವಿಡಿಯೊ, ಕಮಿಟಿಯ ಪತ್ರ. ಪತ್ರದಲ್ಲಿ 'ಬಹಳ ಚೆನ್ನಾಗಿತ್ತು' ಅಂತ ಬರೆದರೆ ಪ್ರಯೋಜನವಿಲ್ಲ. ಯಾವ ವಾದ್ಯ, ಯಾವ ಪರಂಪರೆ, ಏನು ನುಡಿಸಿದರು, ಎಷ್ಟು ಜನ ಕೇಳಿದರು, ಎಲ್ಲ ಇರಬೇಕು. ಕೆಲವರಿಗೆ ಫೋಟೊ, ವಿಡಿಯೊ ಬೇಡ. ಒಬ್ಬ ಗಾಯಕಿ, ಆಶ್ರಯ ಕೋರಿ ಅರ್ಜಿ ಹಾಕಿದವರು, "ನಾನು ಇಲ್ಲಿ ಹಾಡುವುದು ಅಲ್ಲಿ ಗೊತ್ತಾದರೆ ನನ್ನ ಅಮ್ಮನಿಗೆ ತೊಂದರೆ" ಅಂದರು. ಅವರಿಗೆ ಹೆಸರಿಲ್ಲದ ಸಾಲು, ಕ್ಯಾಮೆರಾ ಬಂದ್. 2025ರಿಂದ ಇಂಥ ಹೆದರಿಕೆ ಇನ್ನೂ ಹೆಚ್ಚಿದೆ. ಬಯಲಲ್ಲಿ ಜನ ಸೇರುವ ಕಡೆ ಬರಲು ಕಾಗದ ಸರಿಯಿದ್ದವರೂ ಹಿಂದೆ ಮುಂದೆ ನೋಡುತ್ತಾರೆ. ಅದಕ್ಕೆ ಅಕೌಂಟೆಂಟ್ ಹತ್ತಿರ ಯಾವ ಮದ್ದೂ ಇಲ್ಲ.

ಕಮಿಟಿಯಲ್ಲಿ ಪ್ರತಿ ವರ್ಷ ಏಳುವ ಇನ್ನೊಂದು ಆಸೆ, ಹೊರದೇಶದಿಂದ ಒಬ್ಬ ದೊಡ್ಡ ಕಲಾವಿದರನ್ನು ಕರೆಸೋಣ, ಜನ ಸೇರುತ್ತಾರೆ. ನಾನು ಖರ್ಚಿನ ಪಟ್ಟಿ ತೆಗೆಯುತ್ತೇನೆ. ತಮ್ಮ ನಾಡಿನ ಕಲೆ ತೋರಿಸಲು ಬರುವವರಿಗೆ ಪಿ-3 ವೀಸಾ ಬೇಕು. ಸುಮ್ನೆ ಪ್ರವಾಸಿ ವೀಸಾದಲ್ಲಿ ಬಂದು ದುಡ್ಡು ತೆಗೆದುಕೊಂಡು ಹಾಡುವ ಹಾಗಿಲ್ಲ. 2024ರ ಏಪ್ರಿಲ್‌ನಲ್ಲಿ ದರ ಏರಿದ ಮೇಲೆ ಅರ್ಜಿ ಶುಲ್ಕವೇ 1,015 ಡಾಲರ್, ಲಾಭವಿಲ್ಲದ ಸಂಸ್ಥೆಗಳಿಗೆ 510. ಅದರ ಮೇಲೆ ವಕೀಲರು, ಕಲಾವಿದರ ಯೂನಿಯನ್ನಿನ ಅಭಿಪ್ರಾಯ ಪತ್ರ, ವಿಮಾನ, ಹೋಟೆಲ್. ಅಷ್ಟಾದ ಮೇಲೂ ಅವರ ಸಂಭಾವನೆಯಲ್ಲಿ ಶೇ. 30ರಷ್ಟು ತೆರಿಗೆ ನಾವೇ ಹಿಡಿಯಬೇಕು, ತೆರಿಗೆ ಇಲಾಖೆ ಜೊತೆ ಮೊದಲೇ ಬೇರೆ ಒಪ್ಪಂದ ಮಾಡಿಕೊಂಡಿರದಿದ್ದರೆ. ಇಷ್ಟೆಲ್ಲ ಮಾಡಿ ಕಾನ್ಸುಲೇಟಿನವರು ವೀಸಾ ಇಲ್ಲ ಅಂದರೆ ಮುಗಿಯಿತು. ಅದೇ ದುಡ್ಡಿನಲ್ಲಿ ರೈಲು ಹತ್ತಿ ಬರುವ ಎಷ್ಟು ಜನರಿಗೆ ಕೊಡಬಹುದು ಅಂತ ಕೆಳಗೆ ಬರೆದಿರುತ್ತೇನೆ. ಊರಿನ ಕಲಾವಿದರು ಬರಲೇಬಾರದು ಅಂತಲ್ಲ. ಯಕ್ಷಗಾನದ ಮೇಳ ಬಂದರೆ ಮುಂದಿನ ಸಾಲಿನಲ್ಲಿ ಕೂರುವವಳೇ ನಾನು. ಆದರೆ ಅದು ದೊಡ್ಡ ಸಂಸ್ಥೆಗಳ ಕೆಲಸ.

ಚೆಕ್ ಕೊಟ್ಟ ಮಾತ್ರಕ್ಕೆ ಕೆಲಸ ಮುಗಿಯುವುದೂ ಇಲ್ಲ. ಕೆಲವರಿಗೆ ಬ್ಯಾಂಕ್ ಖಾತೆ ಇಲ್ಲ. ಬೀದಿಯ ಚೆಕ್ ಕ್ಯಾಷಿಂಗ್ ಅಂಗಡಿಗೆ ಹೋದರೆ ಅಲ್ಲೊಂದು ತುಂಡು ಮುರಿದುಕೊಳ್ಳುತ್ತಾರೆ. ನ್ಯೂಯಾರ್ಕ್ ನಗರ 2015ರಿಂದ ಕೊಡುವ ಗುರುತಿನ ಚೀಟಿಯನ್ನು ಕೆಲವು ಬ್ಯಾಂಕುಗಳು ಒಪ್ಪುತ್ತವೆ. ಆ ಪಟ್ಟಿಯನ್ನೂ ಈಗ ಲೈಬ್ರರಿ ಸಂಜೆಗಳಲ್ಲಿ ಇಟ್ಟಿರುತ್ತೇವೆ.

ಸಾರಂಗಿಯ ಅಣ್ಣ ಈಗ ವಾರಕ್ಕೊಮ್ಮೆ ಒಂದು ಶಾಲೆಯಲ್ಲಿ ಮಕ್ಕಳಿಗೆ ಕಲಿಸುತ್ತಾರೆ. ನಮ್ಮ ಪತ್ರ ಅಲ್ಲಿ ಕೆಲಸಕ್ಕೆ ಬಂತಂತೆ. ಡೆಲಿವರಿ ಬಿಟ್ಟಿಲ್ಲ, ಬಿಡುವ ಸ್ಥಿತಿಯೂ ಇಲ್ಲ. ಈ ವರ್ಷ ಅವರು ಬಂದು, ತಮ್ಮ ದರ ಈಗ 500, ಸಿದ್ಧವಿದ್ದರೆ ಹೇಳಿ ಅಂದರು. ನಮ್ಮ ದರ ಎಲ್ಲರಿಗೂ 350. ಒಬ್ಬರಿಗೆ ಏರಿಸಿದರೆ ಎಲ್ಲರಿಗೂ ಏರಿಸಬೇಕು, ಹಾಗೆ ಮಾಡಿದರೆ ನಾಲ್ಕೈದು ತಂಡಗಳನ್ನು ಕೈಬಿಡಬೇಕು. ಅಷ್ಟು ದೇಶದವರು ಇಲ್ಲದಿದ್ದರೆ ಅನುದಾನ ಕೊಡುವವರು ಏನಂದಾರು ಅಂತ ಅಧ್ಯಕ್ಷರಿಗೆ ಚಿಂತೆ. ತಂಡ ಕಡಿಮೆ ಮಾಡೋಣ, ದರ ಏರಿಸೋಣ ಅಂತ ನಾನು ಹೇಳುತ್ತಿದ್ದೇನೆ. ಮುಂದಿನ ಬುಧವಾರ ಸಭೆಯಲ್ಲಿ ಮತಕ್ಕೆ ಹಾಕುತ್ತಾರೆ.